ಹೊಸ ಪಾರ್ಟ್ ಹಾಕಿದ ಮೇಲೆ ಎಂಜಿನ್ ಟಿಕ್ ಟಿಕ್ ಎನ್ನುತ್ತಿದೆಯೇ? ಸದ್ದಿನ ಮೂಲ ಹುಡುಕುವ ಬಗೆ

ಹೆಡರ್ (ಎಂಜಿನ್ನಿನಿಂದ ಹೊಗೆ ಒಯ್ಯುವ ಪೈಪುಗಳ ಜೋಡಣೆ), ಕ್ಯಾಮ್ (ವಾಲ್ವ್ ತೆರೆಯುವ ಉಬ್ಬುಗಳಿರುವ ದಂಡ), ರೋಲರ್ ರಾಕರ್ (ವಾಲ್ವನ್ನು ಒತ್ತುವ, ಉರುಳೆಯಿರುವ ಸನ್ನೆ), ದೊಡ್ಡ ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವ ಭಾಗ), ಹೀಗೆ ಏನನ್ನೋ ಹಾಕಿ ಎಂಜಿನ್ ಸ್ಟಾರ್ಟ್ ಮಾಡಿದಾಗ ಹಿಂದೆ ಇಲ್ಲದ ಟಿಕ್ ಟಿಕ್ ಕೇಳಿಸಿದರೆ ಹೆಚ್ಚಿನವರ ಕೈ ಮೊದಲು ಹೋಗುವುದು ವಾಲ್ವ್ ಕವರ್ ಬೋಲ್ಟಿಗೆ. ಅವಸರ ಬೇಡ. ಹೆಡರ್ ಗ್ಯಾಸ್ಕೆಟ್‌ನ ಸಣ್ಣ ಸೋರಿಕೆಯೂ ಟ್ಯಾಪೆಟ್ (ಕ್ಯಾಮ್ ಮೇಲೆ ಕೂರುವ ಭಾಗ, ಲಿಫ್ಟರ್ ಎಂದೂ ಹೇಳುತ್ತಾರೆ) ಸದ್ದೂ ಕಿವಿಗೆ ಒಂದೇ ಥರ ಕೇಳಿಸುತ್ತವೆ, ಅದಕ್ಕೆ ಕಾರಣವೂ ಇದೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ ಒಂದು ಸುತ್ತು ತಿರುಗುತ್ತದೆ. ಒಂದು ಸಿಲಿಂಡರ್ ಹೊಗೆ ಉಗುಳುವುದೂ ಆ ಎರಡು ಸುತ್ತಿಗೆ ಒಮ್ಮೆಯೇ. 800 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಓಡುವಾಗ, ಎರಡೂ ನಿಮಿಷಕ್ಕೆ 400 ಸಲ, ಅಂದರೆ ಸೆಕೆಂಡಿಗೆ ಆರೇಳು ಸಲ ಬಡಿಯುತ್ತವೆ. ಲಯ ಎಣಿಸಿ ಇವೆರಡನ್ನು ಬೇರ್ಪಡಿಸಲು ಆಗುವುದಿಲ್ಲ.

ಆದರೂ ಲಯ ಪೂರ್ತಿ ನಿರುಪಯೋಗಿಯಲ್ಲ. ಟೈಮಿಂಗ್ ಲೈಟನ್ನು (ಪ್ಲಗ್ ಕಿಡಿ ಹಾರಿದಾಗಲೆಲ್ಲ ಮಿಂಚುವ ದೀಪ) ಒಂದು ಪ್ಲಗ್ ವೈರಿಗೆ ಸಿಕ್ಕಿಸಿ. ಮಿಂಚಿಗೊಂದು ಟಿಕ್ ಬಂದರೆ ಸದ್ದು ಕ್ಯಾಮ್ ವೇಗದ್ದು, ಮಿಂಚಿಗೆ ಎರಡು ಬಂದರೆ ಕ್ರ್ಯಾಂಕ್ ವೇಗದ್ದು. (ವೇಸ್ಟೆಡ್ ಸ್ಪಾರ್ಕ್ ಇಗ್ನಿಷನ್ ಇದ್ದರೆ ಲೈಟು ಪ್ರತಿ ಸುತ್ತಿಗೂ ಮಿಂಚುತ್ತದೆ, ಲೆಕ್ಕ ಅದಕ್ಕೆ ತಕ್ಕಂತೆ ಬದಲಾಗುತ್ತದೆ.) ಕ್ರ್ಯಾಂಕ್ ವೇಗದ್ದಾದರೆ ಸಡಿಲಾದ ಫ್ಲೆಕ್ಸ್‌ಪ್ಲೇಟ್ (ಆಟೋಮ್ಯಾಟಿಕ್ ಗಾಡಿಯಲ್ಲಿ ಫ್ಲೈವೀಲಿನ ಜಾಗದ ತಟ್ಟೆ) ಬೋಲ್ಟ್, ಫ್ಲೈವೀಲಿಗೆ ಉಜ್ಜುವ ಡಸ್ಟ್ ಕವರ್, ಹೊಸ ಕ್ರ್ಯಾಂಕ್ ಪುಲ್ಲಿ, ಇವುಗಳ ಕಡೆ ನೋಡಿ. ಬೆಲ್ಟ್ ತೆಗೆದು ಅರ್ಧ ನಿಮಿಷ ಓಡಿಸಿದರೆ ಆಲ್ಟರ್ನೇಟರ್, ಐಡ್ಲರ್ ಪುಲ್ಲಿಗಳ ಅನುಮಾನ ತೀರುತ್ತದೆ. ವಾಟರ್ ಪಂಪ್ ಅದೇ ಬೆಲ್ಟಿನಲ್ಲಿದ್ದರೆ ಅದಕ್ಕಿಂತ ಹೆಚ್ಚು ಹೊತ್ತು ಓಡಿಸಬಾರದು. ಹಗುರ ಫ್ಲೈವೀಲ್ ಹಾಕಿದ್ದು, ಕ್ಲಚ್ ಒತ್ತಿದೊಡನೆ ಸದ್ದು ನಿಂತರೆ ಅದು ಗೇರ್‌ಬಾಕ್ಸಿನ ಗಿಯರ್‌ಗಳ ಗಲಗಲ. ಎಂಜಿನ್ನಿಗೆ ಅದರಿಂದ ಅಪಾಯವಿಲ್ಲ.

ಕ್ಯಾಮ್ ವೇಗದ ಸದ್ದಾದರೆ ನಿರ್ಣಾಯಕ ಪರೀಕ್ಷೆ ಒಂದೇ: ಸಿಲಿಂಡರ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡುವುದು. ಐಡಲ್‌ನಲ್ಲಿ ಒಂದು ಸಿಲಿಂಡರಿನ ಇಂಜೆಕ್ಟರ್ ಕನೆಕ್ಟರ್ ಕಳಚಿ, ಕೇಳಿ, ಮತ್ತೆ ಸಿಕ್ಕಿಸಿ, ಮುಂದಿನದಕ್ಕೆ ಹೋಗಿ. ಪ್ಲಗ್ ವೈರ್ ಕಿತ್ತು ಇದನ್ನು ಮಾಡಬೇಡಿ, ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ. ನೇರ ಇಂಜೆಕ್ಷನ್ ಎಂಜಿನ್ನಿನಲ್ಲಿ ಸ್ಕ್ಯಾನ್ ಟೂಲ್ ಮೂಲಕವೇ ಸಿಲಿಂಡರ್ ನಿಲ್ಲಿಸಿ. ಯಾವುದೋ ಒಂದು ಸಿಲಿಂಡರ್ ನಿಂತಾಗ ಟಿಕ್ ಉಡುಗಿದರೆ ಅದು ದಹನದ ಒತ್ತಡದಿಂದ ಹುಟ್ಟಿದ ಸದ್ದು: ಎಕ್ಸಾಸ್ಟ್ ಸೋರಿಕೆ, ಸಡಿಲ ಪ್ಲಗ್, ಇಲ್ಲವೇ ಪಿಸ್ಟನ್ ಅಥವಾ ಕನೆಕ್ಟಿಂಗ್ ರಾಡ್ ಬೇರಿಂಗ್. ಯಾವುದನ್ನು ನಿಲ್ಲಿಸಿದರೂ ಬದಲಾಗದಿದ್ದರೆ ಹೆಚ್ಚಾಗಿ ವಾಲ್ವ್‌ಟ್ರೈನ್, ಅಂದರೆ ಕ್ಯಾಮಿನಿಂದ ವಾಲ್ವ್‌ವರೆಗಿನ ಭಾಗಗಳು. ಕನೆಕ್ಟರ್ ಕಳಚಿದೊಡನೆ ಹಗುರ ಟಿಕ್ ಪೂರ್ತಿ ನಿಂತು, ಆ ಸದ್ದು ಇಂಜೆಕ್ಟರಿನ ಮೈಯಿಂದಲೇ ಬರುತ್ತಿದ್ದರೆ ಅದು ಇಂಜೆಕ್ಟರಿನ ಸಹಜ ಸದ್ದು. ದೊಡ್ಡ ಇಂಜೆಕ್ಟರ್‌ಗಳು ಮೂಲದವಕ್ಕಿಂತ ಜೋರಾಗಿಯೇ ಬಡಿಯುವುದುಂಟು.

ಇನ್ನು ಕಿವಿಯ ಕೆಲಸ. ಲೋಹದ ಸದ್ದಿಗೆ ಮೆಕ್ಯಾನಿಕ್ ಸ್ಟೆತಸ್ಕೋಪ್ ಅಥವಾ ಉದ್ದ ಸ್ಕ್ರೂಡ್ರೈವರ್, ಗಾಳಿಯ ಸದ್ದಿಗೆ ಒಂದು ಮೀಟರ್ ರಬ್ಬರ್ ಪೈಪ್. ಎರಡನ್ನೂ ಇಟ್ಟುಕೊಳ್ಳಿ. ಪೈಪಿನ ಒಂದು ತುದಿಯನ್ನು ಕಿವಿಗೆ ಹಿಡಿದು ಇನ್ನೊಂದನ್ನು ಹೆಡರ್ ಫ್ಲ್ಯಾಂಜ್ (ಎಂಜಿನ್ನಿಗೆ ಬೋಲ್ಟಿನಿಂದ ಕೂರುವ ಚಪ್ಪಟೆ ಅಂಚು) ಉದ್ದಕ್ಕೂ ಸರಿಸಿದರೆ ಸೋರುವ ಜಾಗದಲ್ಲಿ ಟಿಕ್ ಹೋಗಿ ಚಿಟಿಕೆ ಹೊಡೆದಂಥ ಗಾಳಿಪೆಟ್ಟು ಕೇಳಿಸುತ್ತದೆ. ಫ್ಯಾನು, ಬೆಲ್ಟಿನ ಹತ್ತಿರ ಕೈ, ಬಟ್ಟೆ, ಪೈಪ್ ಹೋಗದಂತೆ ನೋಡಿಕೊಳ್ಳಿ. ಮುಚ್ಚಿದ ಶೆಡ್ಡಿನಲ್ಲಿ ಈ ಕೆಲಸ ಬೇಡವೇ ಬೇಡ. ಸೋರುವ ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇರುವುದಿಲ್ಲ.

ಹೆಡರ್ ಸೋರಿದರೆ

ಎಕ್ಸಾಸ್ಟ್ ಸೋರಿಕೆ ತಣ್ಣಗಿರುವಾಗ ಜೋರು, ಆಕ್ಸಿಲರೇಟರ್ ಒತ್ತಿದಾಗ ಇನ್ನೂ ಜೋರು. ಲೋಹ ಬಿಸಿಯಾಗಿ ಹಿಗ್ಗಿದಂತೆ ಸಂದು ಮುಚ್ಚಿ ಸದ್ದು ಅಡಗುತ್ತದೆ. ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿಯ ಗೆರೆ ಕಂಡರೆ ಬೇರೆ ಸಾಕ್ಷಿ ಬೇಕಿಲ್ಲ. ಕಾಣದಿದ್ದರೆ ತಣ್ಣಗಿನ ಎಂಜಿನ್ನಿನ ಸೈಲೆನ್ಸರ್ ಬಾಯಿಗೆ ಬ್ಲೋವರ್ ಹಿಡಿದು ಫ್ಲ್ಯಾಂಜಿಗೆ ಸೋಪು ನೀರು ಚಿಮುಕಿಸಿ, ಗುಳ್ಳೆ ಎದ್ದ ಕಡೆ ತೂತು.

ಬೋಲ್ಟ್ ಬಿಗಿ ಮಾಡಿದರೂ ಸೋರಿಕೆ ಹೋಗದಿದ್ದರೆ ಸುಮ್ಮನೆ ಇನ್ನಷ್ಟು ಬಿಗಿ ಮಾಡಬೇಡಿ, ಅಲ್ಯೂಮಿನಿಯಂ ಹೆಡ್ಡಿನ ತ್ರೆಡ್ ಕಿತ್ತು ಬರುತ್ತದೆ. ಎಂ8 ಬೋಲ್ಟಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಸಾಕು. ಹೆಡರ್ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಬಹಳ ಮಂದಿ ತಪ್ಪಿಸಿಕೊಳ್ಳುವ ಕಾರಣ ಒಂದಿದೆ: ಹೊಸ ಬೋಲ್ಟ್ ಉದ್ದವಾಗಿ ರಂಧ್ರದ ತಳಕ್ಕೆ ತಾಗಿರುತ್ತದೆ. ಟಾರ್ಕ್ ರೆಂಚ್ ಕ್ಲಿಕ್ ಎನ್ನುತ್ತದೆ, ಫ್ಲ್ಯಾಂಜ್ ಮಾತ್ರ ಬಿಗಿಯಾಗಿರುವುದಿಲ್ಲ. ಬೋಲ್ಟ್ ತೆಗೆದು ರಂಧ್ರದ ಆಳ ಅಳೆದು ಹೋಲಿಸಿ. ಎರಡನೆಯ ಕಾರಣ, ವೆಲ್ಡಿಂಗ್ ಶಾಖಕ್ಕೆ ಸೊಟ್ಟಗಾದ ಫ್ಲ್ಯಾಂಜ್. ನೇರ ಅಂಚಿನ ಪಟ್ಟಿ ಇಟ್ಟು ಬೆಳಕಿಗೆ ಹಿಡಿದರೆ ತಿಳಿಯುತ್ತದೆ. ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು ಹಾಕಿ ಇದನ್ನು ಸರಿಮಾಡಲಾಗದು, ಫ್ಲ್ಯಾಂಜನ್ನು ಮಟ್ಟ ಮಾಡಿಸಲೇಬೇಕು. ಬಿಗಿಮಾಡುವುದು ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ. ಕೆಲವು ಸಲ ಬಿಸಿಯಾಗಿ ಆರಿದ ಮೇಲೆ, ಎಂಜಿನ್ ತಣ್ಣಗಿದ್ದಾಗ, ಮತ್ತೊಮ್ಮೆ ಟಾರ್ಕ್ ನೋಡಿ.

ಆಕ್ಸಿಜನ್ ಸೆನ್ಸರಿಗೆ ಮೊದಲೇ ಸೋರಿಕೆಯಿದ್ದರೆ ಅದನ್ನು ಮುಂದೂಡಬೇಡಿ. ಹೊಗೆಯ ಎರಡು ಅಲೆಗಳ ನಡುವೆ ಹೊರಗಿನ ಗಾಳಿ ಒಳಸೇರುತ್ತದೆ. ಸೆನ್ಸರ್ ಅದನ್ನು ಪೆಟ್ರೋಲ್ ಕಡಿಮೆಯೆಂದು ಓದಿ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬೇಡದ ಪೆಟ್ರೋಲ್ ಸುರಿಯುತ್ತದೆ.

ಹೆಡರ್ ಹಾಕುವಾಗ ಪ್ಲಗ್ಗಿನ ಪಿಂಗಾಣಿಗೆ ಸ್ಪ್ಯಾನರ್ ತಗುಲಿ ಬಿರುಕು ಬಿಡುವುದು, ಪ್ಲಗ್ ವೈರ್ ಪೈಪಿಗೆ ತಾಗಿ ಕರಗುವುದು ಸಾಮಾನ್ಯ. ಆಗ ಕೇಳಿಸುವ ಟಿಕ್ ಕಿಡಿ ಹಾರುವ ಸದ್ದು. ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿದರೆ ನೀಲಿ ಕಿಡಿ ಕಾಣುತ್ತದೆ.

ವಾಲ್ವ್‌ಟ್ರೈನ್ ಆದರೆ

ಮೊದಲು ಆಯಿಲ್ ಮಟ್ಟ ನೋಡಿ, ಆಮೇಲೆ ಮೆಕ್ಯಾನಿಕಲ್ ಗೇಜಿನಲ್ಲಿ ಆಯಿಲ್ ಒತ್ತಡ. ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಎಂಬುದು ಹಳೆಯ ಅಂದಾಜು. ನಿಮ್ಮ ಎಂಜಿನ್ನಿನ ಮ್ಯಾನ್ಯುಯಲ್ ಅದಕ್ಕಿಂತ ನಂಬಿಕೆಗೆ ಅರ್ಹ.

ಸಾಲಿಡ್ ಲಿಫ್ಟರ್ (ಆಯಿಲ್ ಒತ್ತಡದಿಂದ ಅಂತರ ತುಂಬಿಕೊಳ್ಳದ, ಗಟ್ಟಿ ಲಿಫ್ಟರ್) ಕ್ಯಾಮ್ ಸ್ವಲ್ಪ ಟಿಕ್ ಎನ್ನಲೇಬೇಕು, ಅದಕ್ಕೆ ರಾಕರ್ ಮತ್ತು ವಾಲ್ವ್ ನಡುವೆ ಅಂತರ ಬೇಕು. ಆದರೆ ಕ್ಯಾಮ್ ಕಾರ್ಡಿನಲ್ಲಿ (ಕ್ಯಾಮ್ ಜೊತೆ ಬರುವ ಅಳತೆಯ ಚೀಟಿ) ಬರೆದ ಅಂತರ ಬಿಸಿಯದ್ದೋ ತಣ್ಣಗಿನದ್ದೋ ಎಂದು ನೋಡಿ. ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್ ಇರುವ ಪುಷ್‌ರಾಡ್ (ಲಿಫ್ಟರಿನಿಂದ ರಾಕರನ್ನು ಒತ್ತುವ ಕಡ್ಡಿ) ಎಂಜಿನ್ನಿನಲ್ಲಿ ಹೆಡ್ ಹೆಚ್ಚು ಹಿಗ್ಗುವುದರಿಂದ ಬಿಸಿಯಾದಾಗ ಅಂತರ ದೊಡ್ಡದಾಗುತ್ತದೆ. ಆದ್ದರಿಂದಲೇ ತಣ್ಣಗೆ ಅಳೆದರೆ ಬಿಸಿ ಅಂಕಿಗಿಂತ ಸುಮಾರು 0.15 ಮಿಮೀ ಕಡಿಮೆ ಇಟ್ಟುಕೊಳ್ಳುತ್ತಾರೆ. ಅಳೆಯುವಾಗ ಆ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರೆಯಲು ಶುರುವಾದಾಗ ಇನ್‌ಟೇಕನ್ನು, ಇನ್‌ಟೇಕ್ ಪೂರ್ತಿ ತೆರೆದು ಬಹುಪಾಲು ಮುಚ್ಚುವಾಗ ಎಕ್ಸಾಸ್ಟನ್ನು ಹೊಂದಿಸಿ.

ಹೈಡ್ರಾಲಿಕ್ ಲಿಫ್ಟರಿನ (ಆಯಿಲ್ ಒತ್ತಡದಿಂದ ಅಂತರವನ್ನು ತಾನೇ ತುಂಬಿಕೊಳ್ಳುವಂಥದ್ದು) ಟಿಕ್‌ಗೆ ಹೆಚ್ಚಾಗಿ ಪುಷ್‌ರಾಡ್ ಉದ್ದವೇ ಕಾರಣ. ಜೋರು ಕ್ಯಾಮ್‌ಗಳ ಬೇಸ್ ಸರ್ಕಲ್ (ಉಬ್ಬಿಲ್ಲದ ಗುಂಡು ಭಾಗ) ಮೂಲದ್ದಕ್ಕಿಂತ ಚಿಕ್ಕದಾಗಿರುವುದರಿಂದ ಲಿಫ್ಟರ್ ಕೆಳಗೆ ಕೂರುತ್ತದೆ. ಹಳೆಯ ಪುಷ್‌ರಾಡ್ ಗಿಡ್ಡವಾಗಿಬಿಡುತ್ತದೆ. ಉದ್ದ ಬದಲಿಸಬಲ್ಲ ಚೆಕಿಂಗ್ ಪುಷ್‌ರಾಡ್ ಹಾಕಿ, ಲಿಫ್ಟರ್ ಬೇಸ್ ಸರ್ಕಲ್ ಮೇಲಿರುವಾಗ ರಾಕರನ್ನು ಪೂರ್ತಿ ಟಾರ್ಕಿಗೆ ಬಿಗಿದು, ಮೇಲೆ ಕೆಳಗೆ ಆಟ ನಿಲ್ಲುವವರೆಗೆ ಅದನ್ನು ಉದ್ದ ಮಾಡಿ. ಬೆರಳಲ್ಲಿ ತಿರುಗಿಸಿ ಬಿಗಿ ನೋಡುವುದು ಮೋಸ ಮಾಡುತ್ತದೆ, ಆಟವನ್ನೇ ನೋಡಿ. ಆ ಅಳತೆಗೆ ಲಿಫ್ಟರ್ ತಯಾರಕರು ಹೇಳಿದ ಪ್ರೀಲೋಡ್ (ಲಿಫ್ಟರನ್ನು ಒಳಕ್ಕೆ ಒತ್ತಿಡುವ ಅಳತೆ) ಸೇರಿಸಿ, ಹಲವು ಲಿಫ್ಟರ್‌ಗಳಿಗೆ ಅದು 0.5ರಿಂದ 1.5 ಮಿಮೀ.

ಅಳತೆ ಸರಿಯಿದ್ದರೆ ವಾಲ್ವ್ ಕವರಿನ ಒಳಮೈ ನೋಡಿ. ದಪ್ಪ ರೋಲರ್ ರಾಕರ್ ಕವರಿನ ಬ್ಯಾಫಲ್‌ಗೆ (ಆಯಿಲ್ ತಡೆಯುವ ಒಳ ತಗಡು) ತಾಗಿದ್ದರೆ ಅಲ್ಲಿ ಹೊಳೆಯುವ ಗೀಚು ಇರುತ್ತದೆ. ಪುಷ್‌ರಾಡ್ ಮೈ ಸವೆದಿದ್ದರೆ ಗೈಡ್‌ಪ್ಲೇಟ್ (ಪುಷ್‌ರಾಡನ್ನು ಸಾಲಿನಲ್ಲಿಡುವ ತಟ್ಟೆ) ವಾಲಿದೆ. ಹೆಚ್ಚು ಲಿಫ್ಟಿನ ಕ್ಯಾಮ್ ಆದರೆ ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗ್ ಸುರುಳಿಗಳು ಒಂದಕ್ಕೊಂದು ಅಂಟುವ ಮುನ್ನ ಒಟ್ಟು 1.5 ಮಿಮೀ ಉಳಿದಿರಬೇಕು, ರಿಟೇನರ್ (ಸ್ಪ್ರಿಂಗನ್ನು ಮೇಲಿನಿಂದ ಹಿಡಿದಿಡುವ ಬಿಲ್ಲೆ) ಮತ್ತು ವಾಲ್ವ್ ಸೀಲ್ ನಡುವೆಯೂ ಅಷ್ಟೇ.

ಫೋರ್ಜ್ಡ್ (ಒತ್ತಿ ರೂಪಿಸಿದ) ಪಿಸ್ಟನ್, ಅದರಲ್ಲೂ 2618 ಎಂಬ ಅಲ್ಯೂಮಿನಿಯಂ ಅಲಾಯ್‌ನವು, ತಣ್ಣಗೆ ಕಟಕಟ ಎಂದು ಬಿಸಿಯಾದಾಗ ಸುಮ್ಮನಾಗುತ್ತವೆ, ಅದು ಸಹಜ. ಸಿಲಿಂಡರ್ ನಿಲ್ಲಿಸಿದಾಗ ಉಡುಗುವ, ಬಿಸಿಯಾದಷ್ಟೂ ಗಟ್ಟಿಯಾಗುವ, ದಪ್ಪ ದನಿಯ ಬಡಿತ ಸಹಜವಲ್ಲ. ತಕ್ಷಣ ಎಂಜಿನ್ ಆಫ್ ಮಾಡಿ, ಆಯಿಲ್ ಫಿಲ್ಟರ್ ಬಿಚ್ಚಿ ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ ನೋಡಿ. ಅಯಸ್ಕಾಂತಕ್ಕೆ ಅಂಟುವ ಚೂರು ಹೆಚ್ಚಾಗಿ ಕ್ಯಾಮ್ ಅಥವಾ ಲಿಫ್ಟರಿನದು, ಅಂಟದ ಹೊಳೆಯುವ ಚಕ್ಕೆ ಹೆಚ್ಚಾಗಿ ಬೇರಿಂಗಿನದು. ಎರಡರಲ್ಲಿ ಯಾವುದು ಕಂಡರೂ ಆ ಎಂಜಿನ್ನನ್ನು ಬಿಚ್ಚುವವರೆಗೆ ಮತ್ತೆ ಸ್ಟಾರ್ಟ್ ಮಾಡಬೇಡಿ.