ವಿದೇಶದಲ್ಲಿ ಓದುತ್ತಾ ಇಂಗ್ಲಿಷ್ ಕಲಿಯುವುದು ಹೇಗೆ? ಮೊದಲು ಕಿವಿ, ಆಮೇಲೆ ನಾಲಿಗೆ

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 9ಕ್ಕೆ 7 ಬಂದಿರುತ್ತದೆ. ಆದರೂ ಅಲ್ಲಿಗೆ ಹೋಗಿ ಮೊದಲ ಕ್ಲಾಸಿನಲ್ಲಿ ಕೂತರೆ ಅರ್ಧ ಮಾತು ತಲೆ ಮೇಲಿಂದ ಹೋಗುತ್ತದೆ. ಪಕ್ಕದವರು ನಕ್ಕಾಗ ನೀವೂ ನಗುತ್ತೀರಿ, ಯಾಕೆ ಅಂತ ಗೊತ್ತಿಲ್ಲದೆ.

‘ಅಲ್ಲೇ ಇದ್ದರೆ ತಾನಾಗಿಯೇ ಬರುತ್ತೆ ಬಿಡು’ ಎನ್ನುವವರ ಮಾತು ಅರ್ಧ ಮಾತ್ರ ನಿಜ. ವರ್ಷಗಟ್ಟಲೆ ಅಲ್ಲಿದ್ದರೂ ಇಂಗ್ಲಿಷ್ ಇದ್ದಲ್ಲೇ ಇರುವವರು ಬೇಕಾದಷ್ಟು ಜನ. ರೂಮು, ಲ್ಯಾಪ್‌ಟಾಪು, ನಮ್ಮ ಭಾಷೆಯದೇ ಗೆಳೆಯರು. ಅಂಗಡಿಗೆ ಹೋದರೆ ಬಿಲ್ ಮಾಡುವುದೂ ಮೆಷಿನ್. ಇಡೀ ದಿನ ಒಂದು ವಾಕ್ಯವನ್ನೂ ಆಡದೆ ಕಳೆದುಬಿಡಬಹುದು. ಹಾಗಾಗಿ ಇಂಗ್ಲಿಷ್ ಬೇಕೇ ಬೇಕು ಅನ್ನುವ ಸಂದರ್ಭವನ್ನು ನೀವೇ ಹುಡುಕಿಕೊಳ್ಳಬೇಕು.

ಮೊದಲ ತಿಂಗಳು ಕಿವಿಗೆ

ಮಾತು ಅರ್ಥವಾಗದಿದ್ದರೆ ನಮಗೆ ಪದ ಸಾಲದು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಪದ ಗೊತ್ತಿರುತ್ತದೆ, ಅದರ ಸದ್ದು ಗೊತ್ತಿರುವುದಿಲ್ಲ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಹೆಚ್ಚುಕಡಿಮೆ ಅದರ ಪಾಲು ಸಿಗುತ್ತದೆ. ಇಂಗ್ಲಿಷ್ ಹಾಗಲ್ಲ. ಒಂದು ಕಡೆ ಒತ್ತಿ ಹೇಳಿ, ಉಳಿದದ್ದನ್ನು ನುಂಗಿಬಿಡುತ್ತದೆ. ‘ಫೋಟೋಗ್ರಾಫ್’ನಲ್ಲಿ ಒತ್ತು ‘ಫೋ’ ಮೇಲೆ. ‘ಫೋಟೋಗ್ರಫಿ’ ಎಂದ ಕೂಡಲೇ ಅದು ಎರಡನೆಯ ಅಕ್ಷರಕ್ಕೆ ಜಾರಿ, ಕಿವಿಗೆ ‘ಫಟಾಗ್ರಫಿ’ ಎಂಬಂತೆ ಬೀಳುತ್ತದೆ. ‘ಕಂಫರ್ಟಬಲ್’ ಹೋಗಿ ‘ಕಂಫ್ಟಬಲ್’ ಆಗುತ್ತದೆ. ‘ವಾಟ್ ಡು ಯು ವಾಂಟ್ ಟು ಡೂ’ ಎಂಬ ಆರು ಪದ ‘ವಾಡ್ಯವಾನಡೂ’ ಎಂದು ಒಂದೇ ಉಸಿರಲ್ಲಿ ಮುಗಿಯುತ್ತದೆ.

ಇದಕ್ಕೆ ದಿನಕ್ಕೆ ಹದಿನೈದು ನಿಮಿಷ ಕೊಡಿ. ಬರಹರೂಪವೂ ಸಿಗುವ ಒಂದು ಆಡಿಯೊ ಅಥವಾ ವಿಡಿಯೊ ಆರಿಸಿ, ಬರೀ ಎರಡು ನಿಮಿಷದ ತುಣುಕು ಸಾಕು. ಬರಹ ನೋಡದೆ ಕೇಳಿ. ಮತ್ತೆ ಕೇಳುತ್ತಾ, ಕೇಳಿಸಿದ್ದನ್ನು ಬರೆಯಿರಿ. ಈಗ ಬರಹದ ಜೊತೆ ಹೋಲಿಸಿ. ತಪ್ಪಿಹೋದ ಜಾಗಗಳಲ್ಲಿ ಬಹುಪಾಲು ನಿಮಗೆ ಗೊತ್ತಿರುವ ಸಣ್ಣ ಪದಗಳೇ ಇರುತ್ತವೆ. ಕೊನೆಗೆ ಅದೇ ತುಣುಕನ್ನು ಹಾಕಿಕೊಂಡು, ಮಾತಿನ ಬೆನ್ನಲ್ಲೇ ನೀವೂ ಹೇಳುತ್ತಾ ಹೋಗಿ. ಇದಕ್ಕೆ ಶ್ಯಾಡೋಯಿಂಗ್ ಎನ್ನುತ್ತಾರೆ. ಮೂರು ದಿನ ಅದೇ ತುಣುಕು. ಬೇಜಾರಾಗುತ್ತದೆ, ನಿಜ. ಆದರೆ ಹೊಸ ಹೊಸದನ್ನು ಸುಮ್ನೆ ಕೇಳುತ್ತಾ ಹೋಗುವುದಕ್ಕಿಂತ ಇದೇ ವಾಸಿ. ನಿಮ್ಮ ವಿಶ್ವವಿದ್ಯಾಲಯ ಪಾಠಗಳನ್ನು ರೆಕಾರ್ಡ್ ಮಾಡಿ ಹಾಕುತ್ತದೆಯೇ? ಹಾಗಿದ್ದರೆ ಆ ತುಣುಕುಗಳನ್ನೇ ಬಳಸಿ. ನಿಮಗೆ ಬೇಕಾಗಿರುವುದು ನಿಮ್ಮ ಮೇಷ್ಟ್ರ ಉಚ್ಚಾರಣೆ ತಾನೇ?

ಸಬ್‌ಟೈಟಲ್ ಬೇಕೆನಿಸಿದರೆ ಇಂಗ್ಲಿಷಿನದ್ದೇ ಇರಲಿ.

ಮಾತಿಗೆ ವಾರವಾರವೂ ಒಂದೇ ಜಾಗ

‘ಸಿಕ್ಕವರ ಜೊತೆಯೆಲ್ಲ ಮಾತಾಡಿ’ ಎಂಬ ಸಲಹೆ ಅಷ್ಟೇನೂ ಕೆಲಸಕ್ಕೆ ಬರುವುದಿಲ್ಲ. ಹೆಸರೇನು, ಏನು ಓದುತ್ತೀರಿ, ಎಲ್ಲಿಂದ ಬಂದಿರಿ. ದಿನಾ ಹೊಸಬರು ಸಿಕ್ಕರೆ ಮಾತು ಇಲ್ಲಿಗೇ ಮುಗಿಯುತ್ತದೆ. ಅದೇ ಮುಖಗಳು ವಾರವಾರವೂ ಸಿಗಬೇಕು, ಕೈಗೆ ಒಂದು ಕೆಲಸವೂ ಇರಬೇಕು. ನಾಟಕದ ತಂಡ, ಬೆಟ್ಟ ಹತ್ತುವ ಗುಂಪು, ಸ್ವಯಂಸೇವೆ, ಯಾವುದಾದರೂ ಸರಿ. ಕೆಲಸದ ನಡುವೆ ಬರುವ ಮಾತಿಗೆ ಪರೀಕ್ಷೆಯ ಭಯ ಇರುವುದಿಲ್ಲ. ಪಾರ್ಟ್‌ಟೈಮ್ ಕೆಲಸವೂ ಒಳ್ಳೆಯದೇ. ವಾರಕ್ಕೆ ಎಷ್ಟು ಗಂಟೆ ಮಾಡಬಹುದು ಎಂದು ವೀಸಾ ನಿಯಮ ಮಾತ್ರ ಮೊದಲೇ ನೋಡಿಕೊಳ್ಳಿ.

ಅರ್ಥವಾಗದಿದ್ದಾಗ ತಲೆ ಆಡಿಸಬೇಡಿ. ‘ಸಾರಿ, ಐ ಡಿಡಿಂಟ್ ಕ್ಯಾಚ್ ದಟ್’ ಎಂಬ ಒಂದು ಸಾಲು ನಾಲಿಗೆ ತುದಿಯಲ್ಲಿರಲಿ. ಅದಕ್ಕಿಂತ ಒಳ್ಳೆಯದು, ತಪ್ಪಿಹೋದ ಭಾಗವನ್ನಷ್ಟೇ ಕೇಳುವುದು: ‘ವಿಚ್ ಡೇ ಡಿಡ್ ಯು ಸೇ?’ ಉಳಿದದ್ದು ಅರ್ಥವಾಗಿದೆ ಎಂದು ಎದುರಿನವರಿಗೂ ಗೊತ್ತಾಗುತ್ತದೆ.

ನಮ್ಮ ಇಂಗ್ಲಿಷಿನ ಕೆಲವು ಮಾತುಗಳು ಅಲ್ಲಿ ಬೇರೆ ಅರ್ಥ ಕೊಡುತ್ತವೆ. ಕ್ಲಾಸಿನಲ್ಲಿ ‘ಐ ಹ್ಯಾವ್ ಎ ಡೌಟ್’ ಎಂದರೆ ಮೇಷ್ಟ್ರ ಮಾತನ್ನೇ ನೀವು ನಂಬುತ್ತಿಲ್ಲ ಎಂದಾಗಬಹುದು. ‘ಕ್ವೆಶ್ಚನ್’ ಅನ್ನಿ, ಸಾಕು. ‘ಐ ಪಾಸ್ಡ್ ಔಟ್ ಲಾಸ್ಟ್ ಇಯರ್’ ಎಂದರೆ ಹೋದ ವರ್ಷ ಮೂರ್ಛೆ ಹೋಗಿದ್ದೆ ಎಂದೇ ತಿಳಿಯುತ್ತಾರೆ. ಇನ್ನು ಬ್ರಿಟನ್ನಿನಲ್ಲಿ ‘ಯು ಆಲ್ ರೈಟ್?’ ಅಂದರೆ ಬರೀ ನಮಸ್ಕಾರ. ನಿಮ್ಮ ಮುಖ ಬಾಡಿದೆ ಅಂತ ಕೇಳುತ್ತಿಲ್ಲ, ಗಾಬರಿಯಾಗಬೇಡಿ.

ತಪ್ಪು ಮಾಡಿದರೆ ತಿದ್ದುತ್ತಾರೆ ಎಂದು ಕಾಯಬೇಡಿ. ಅರ್ಥವಾದರೆ ಸಾಕು ಅಂತ ಜನ ಬಿಟ್ಟುಬಿಡುತ್ತಾರೆ. ಹತ್ತಿರದ ಒಬ್ಬರಿಗೆ ಹೇಳಿ, ಒಂದೇ ಬಗೆಯ ತಪ್ಪನ್ನು ಒಂದು ತಿಂಗಳು ತಿದ್ದಲಿ. ‘ಎ’, ‘ದಿ’ಗಳಿಂದ ಶುರುಮಾಡಬಹುದು. ಕನ್ನಡದಲ್ಲಿ ಇವಕ್ಕೆ ಸರಿಜೋಡಿ ಇಲ್ಲ, ಅದಕ್ಕೇ ಕೈಬಿಟ್ಟು ಹೋಗುತ್ತವೆ.

ಪುಕ್ಕಟೆ ಸಿಗುವ ಎರಡು ಬಾಗಿಲು

‘ಆಫೀಸ್ ಅವರ್ಸ್’ ಎಂದರೆ ಮೇಷ್ಟ್ರು ಆಫೀಸ್ ಕೆಲಸದಲ್ಲಿರುವ ಹೊತ್ತಲ್ಲ, ವಿದ್ಯಾರ್ಥಿಗಳಿಗೆ ಎಂದೇ ಎತ್ತಿಟ್ಟ ಹೊತ್ತು. ಒಂದು ಪ್ರಶ್ನೆ ಬರೆದುಕೊಂಡು ಹೋಗಿ. ಹತ್ತು ನಿಮಿಷ ನಿಮ್ಮ ವಿಷಯದಲ್ಲೇ ಮಾತಾಡುವ ಅಭ್ಯಾಸ ಬೇರೆಲ್ಲಿ ಸಿಗುತ್ತದೆ? ಎರಡನೆಯದು ರೈಟಿಂಗ್ ಸೆಂಟರ್, ಅಂದರೆ ಬರವಣಿಗೆಗೆ ನೆರವಾಗುವ ಕೇಂದ್ರ. ಅಲ್ಲಿ ನಿಮ್ಮ ಪ್ರಬಂಧ ತಿದ್ದಿ ಕೊಡುವುದಿಲ್ಲ, ಎಲ್ಲಿ ಯಾಕೆ ಎಡವಿದ್ದೀರಿ ಎಂದು ತೋರಿಸುತ್ತಾರೆ. ಹಾಗಾಗಿ ಅರ್ಧ ಬರೆದಿರುವಾಗಲೇ ಹೋಗಿ, ಕೊಡಬೇಕಾದ ಹಿಂದಿನ ದಿನ ಅಲ್ಲ. ಪ್ರಬಂಧದ ಭಾಷೆಯ ಅಚ್ಚು ಬೇಕಿದ್ದರೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ‘ಅಕಾಡೆಮಿಕ್ ಫ್ರೇಸ್‌ಬ್ಯಾಂಕ್’ ಇಂಟರ್ನೆಟ್‌ನಲ್ಲಿದೆ.

ಒಂಟಿ ಪದ ಬೇಡ

ಓದಿಗೆ ಯಾವ ಪದ ಮುಖ್ಯ ಎಂದು ಊಹಿಸುವುದು ಬೇಕಿಲ್ಲ. ನ್ಯೂಜಿಲೆಂಡಿನ ಏವರಿಲ್ ಕಾಕ್ಸ್‌ಹೆಡ್ ಎಂಬ ಭಾಷಾತಜ್ಞೆ 2000ದಲ್ಲಿ ‘ಅಕಾಡೆಮಿಕ್ ವರ್ಡ್ ಲಿಸ್ಟ್’ ಪ್ರಕಟಿಸಿದರು. ಅದರಲ್ಲಿ 570 ಪದಕುಟುಂಬಗಳಿವೆ, ಅಂದರೆ ಒಂದೇ ಮೂಲಪದದಿಂದ ಹುಟ್ಟಿದ ಪದಗಳ ಗುಂಪುಗಳು. ಯಾವ ವಿಷಯದ ಪಠ್ಯವಾದರೂ ಇವು ಮತ್ತೆ ಮತ್ತೆ ಬರುತ್ತವೆ. ದಿನಕ್ಕೆ ಐದು ಸಾಕು.

ಪದವನ್ನು ಅದರ ಜೊತೆಗಾರನ ಸಮೇತ ಬರೆದಿಡಿ. ಕನ್ನಡದಲ್ಲಿ ನಾವು ಎಲ್ಲವನ್ನೂ ‘ಮಾಡು’ತ್ತೇವೆ. ನಿರ್ಧಾರ ಮಾಡುತ್ತೇವೆ, ಸ್ನಾನ ಮಾಡುತ್ತೇವೆ, ಸಂಶೋಧನೆ ಮಾಡುತ್ತೇವೆ, ನಿದ್ದೆಯನ್ನೂ ಮಾಡುತ್ತೇವೆ! ಇಂಗ್ಲಿಷಿನಲ್ಲಿ ಡಿಸಿಷನ್‌ಗೆ ‘ಮೇಕ್’, ಬಾತ್‌ಗೆ ‘ಟೇಕ್’ ಇಲ್ಲವೇ ‘ಹ್ಯಾವ್’, ರಿಸರ್ಚ್‌ಗೆ ‘ಡೂ’ ಅಥವಾ ‘ಕಂಡಕ್ಟ್’. ಅರ್ಥ ಗೊತ್ತಿದ್ದೂ ವಾಕ್ಯ ಕುಂಟುವುದು ಜಾಸ್ತಿ ಇಲ್ಲೇ.

ಕನ್ನಡದ ಗೆಳೆಯರನ್ನು ದೂರ ಮಾಡಬೇಡಿ. ಪರದೇಶದಲ್ಲಿ ಮನಸ್ಸು ಬಿಚ್ಚಲು ಅವರೇ ಬೇಕು. ಲ್ಯಾಬ್ ಮತ್ತು ಓದಿನ ಗುಂಪಿನಲ್ಲಿ ಮಾತ್ರ ಇಂಗ್ಲಿಷ್ ಎಂದು ಒಪ್ಪಂದ ಮಾಡಿಕೊಂಡರಾಯಿತು.

ಕೊನೆಯದೊಂದು. ಅಲ್ಲಿಗೆ ಹೋದ ಮೊದಲ ವಾರವೇ ಫೋನಿನಲ್ಲಿ ನಿಮ್ಮ ಎರಡು ನಿಮಿಷದ ಮಾತು ರೆಕಾರ್ಡ್ ಮಾಡಿಡಿ. ಮೂರು ತಿಂಗಳಾದ ಮೇಲೆ ಅದೇ ವಿಷಯ ಮಾತಾಡಿ, ಎರಡನ್ನೂ ಕೇಳಿ. ಎರಡರಲ್ಲೂ ಇಂಥ ಒಂದು ಜೋಡಿ ಪದ ಇರಲಿ: ‘ವೆಸ್ಟ್’ ಎಂಬ ದಿಕ್ಕು, ‘ವೆಸ್ಟ್’ ಎಂಬ ಬನಿಯನ್ ಕನ್ನಡದಲ್ಲಿ ಬರೆದರೆ ಒಂದೇ, ನಮ್ಮ ಬಾಯಲ್ಲೂ ಒಂದೇ. ದಿಕ್ಕಿಗೆ ತುಟಿ ಗುಂಡಗಾಗಬೇಕು, ಬನಿಯನ್ನಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಎರಡನೆಯ ರೆಕಾರ್ಡಿಂಗಿನಲ್ಲಿ ಈ ಎರಡು ಬೇರೆಯಾಗಿ ಕೇಳಿಸುತ್ತಿವೆಯೇ ಎಂದು ಮೊದಲು ನೋಡಿ.