ದೊಡ್ಡಪ್ಪನ ಮಾಳಿಗೆ ಮನೆ ಉಳಿಸಿಕೊಂಡ ಬಗೆ

2021ರ ನವೆಂಬರ್ ಮಳೆ ನಮ್ಮ ಪಾವಗಡದ ಕಡೆಯವರಿಗೆ ಚೆನ್ನಾಗಿ ನೆನಪಿದೆ. ಬಿಡದೆ ಸುರಿಯಿತು. ದೊಡ್ಡಪ್ಪನ ಮಣ್ಣಿನ ಮಾಳಿಗೆ, ಅಂದರೆ ಮರದ ಜಂತೆಯ ಮೇಲೆ ಮಣ್ಣು ಹಾಕಿದ ಚಾವಣಿ, ಮೂರು ಕಡೆ ಸೋರಿತು. ಒಳಕೋಣೆಗಳ ಜಂತೆಗೆ ಮೊದಲೇ ಗೆದ್ದಲು ಹಿಡಿದಿತ್ತು. "ಎಲ್ಲಾ ಕೆಡವಿ ಮೋಲ್ಡ್ ಹಾಕಿಸ್ತೀನಿ" ಅಂದರು ದೊಡ್ಡಪ್ಪ. ಮೋಲ್ಡ್ ಅಂದರೆ ಕಾಂಕ್ರೀಟು ಚಾವಣಿ. ನಾನು ತುಮಕೂರಿನಲ್ಲಿ ಮನೆ ಪ್ಲಾನ್ ಮಾಡಿಕೊಡುವ ಸಿವಿಲ್ ಎಂಜಿನಿಯರ್. ಒಂದು ಬೇಸಿಗೆ ತಡೀರಿ ಎಂದು ಕೇಳಿಕೊಂಡೆ.

ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಬಿಸಿ ಅಳೆಯುವ ಸೆನ್ಸರ್ ತಂದು ಆ ಮನೆಯಲ್ಲೂ ಪಕ್ಕದ ಮೋಲ್ಡ್ ಮನೆಯಲ್ಲೂ ನೇತುಹಾಕಿದೆ. ಏಪ್ರಿಲ್‌ನ ಒಂದು ರಾತ್ರಿ ಹತ್ತು ಗಂಟೆಗೆ ಮೋಲ್ಡ್ ಮನೆಯಲ್ಲಿ 34 ಡಿಗ್ರಿ, ಮಾಳಿಗೆಯಲ್ಲಿ 30. ತೆಳು ಕಾಂಕ್ರೀಟು ಮಧ್ಯಾಹ್ನ ಕುಡಿದ ಬಿಸಿಲನ್ನು ಸಂಜೆಯಿಂದ ಒಳಗೆ ಬಿಡುತ್ತದೆ. ಮಾಳಿಗೆ ಮನೆಯ ಎರಡಡಿ ದಪ್ಪದ ಗೋಡೆ ದಾಟಲು ಬಿಸಿಗೆ ಅರ್ಧ ದಿನವೇ ಬೇಕು. ಅಷ್ಟರಲ್ಲಿ ಹೊರಗೆ ತಂಪಾಗಿರುತ್ತದೆ.

ಮುಂದಿನ ಕೆಲಸ ಕಂಪ್ಯೂಟರಿನದು. ಎನರ್ಜಿಪ್ಲಸ್ ಎಂಬ ಉಚಿತ ತಂತ್ರಾಂಶ ಮನೆಯೊಳಗಿನ ಬಿಸಿಯನ್ನು ಗಂಟೆಗಂಟೆಗೆ ಲೆಕ್ಕ ಹಾಕುತ್ತದೆ. ಚಾವಣಿ, ಗೋಡೆಯ ದಪ್ಪ, ಸಜ್ಜೆಯ ಅಗಲ, ಸುಣ್ಣ, ಕಿಟಕಿ ತೆಗೆಯುವ ಹೊತ್ತು, ಇವನ್ನೆಲ್ಲ ಬದಲಿಸಿ ಎರಡು ಸಾವಿರ ಬಗೆಯ ಮನೆಗಳನ್ನು ಅದರಲ್ಲಿ ಓಡಿಸಿದೆ. ಆ ಉತ್ತರಗಳನ್ನು ರ‍್ಯಾಂಡಮ್ ಫಾರೆಸ್ಟ್ ಎಂಬ, ಉದಾಹರಣೆ ನೋಡಿ ಕಲಿಯುವ ಮಷೀನ್ ಲರ್ನಿಂಗ್ ವಿಧಾನಕ್ಕೆ ಕಲಿಸಿ ಒಂದು ಮಾದರಿ ಮಾಡಿಕೊಂಡೆ. ಆಮೇಲೆ ಹೊಸ ಮನೆಯ ವಿವರ ಕೊಟ್ಟರೆ ಸಾಕು, ಕಾಯಬೇಕಿಲ್ಲ, ಉತ್ತರ ತಕ್ಷಣ ಬರುತ್ತದೆ. ಇವತ್ತಿನ ಹವೆಗೂ, ಹವಾಮಾನ ಮಾದರಿಗಳು 2050ರ ಹೊತ್ತಿಗೆ ಹೇಳುವ ಹೆಚ್ಚಿನ ಬಿಸಿಗೂ ಬೇರೆ ಬೇರೆ ಓಡಿಸಿದೆ.

ಮೊದಲ ಸಲ ಉತ್ತರ ಸೆನ್ಸರ್‌ಗೆ ತಾಳೆಯಾಗಲಿಲ್ಲ. ನಾನು ಹಾಕಿದ್ದು ಬೆಂಗಳೂರಿನ ಹವಾಮಾನ ಫೈಲು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪಾವಗಡ ಅದಕ್ಕಿಂತ ತುಂಬಾ ತಗ್ಗು, ಬಿಸಿಲೂ ಜಾಸ್ತಿ. ನಮ್ಮದೇ ಅಂಗಳದ ರೀಡಿಂಗ್ ಹಿಡಿದು ಫೈಲು ತಿದ್ದಿದೆ.

ಎರಡನೆಯ ತಪ್ಪನ್ನು ದೊಡ್ಡಮ್ಮ ತಿದ್ದಿದರು. ರಾತ್ರಿಯಿಡೀ ಕಿಟಕಿ ತೆಗೆದಿಡಿ ಎಂದು ಮಾದರಿ ಹೇಳಿತ್ತು. "ಹಾವು ಬಂದ್ರೆ? ಸೊಳ್ಳೆ ಬೇರೆ. ನಾವು ಒಂಬತ್ತಕ್ಕೇ ಹಾಕಿಬಿಡ್ತೀವಪ್ಪಾ" ಅಂದರು. ಸರಿಯಾದ ಮಾತು. ಕಿಟಕಿ ಒಂಬತ್ತರವರೆಗೆ, ಜಾಲರಿ ಹಾಕಿದ ಬೆಳಕಿಂಡಿ ರಾತ್ರಿಯಿಡೀ ಎಂದು ಬದಲಿಸಿ ಮತ್ತೆ ಕಲಿಸಿದೆ. ಆಗಲೂ ತಂಪು ಸಿಕ್ಕಿತು. ಬಿಸಿಗಾಳಿ ಮೇಲೇರಿ ಬೆಳಕಿಂಡಿಯಲ್ಲಿ ಹೊರಹೋಗುತ್ತದೆ.

ಎಲ್ಲ ಸಲವೂ ಮಾದರಿ ಒಂದೇ ಮಾತು ಹೇಳಿತು: ಮಣ್ಣಿನ ಮಾಳಿಗೆ ಮುಟ್ಟಬೇಡ. ಖುಷಿಯಿಂದ ದೊಡ್ಡಪ್ಪನಿಗೆ ತೋರಿಸಿದೆ. ಅವರು ಕೇಳಿದ್ದು ಒಂದೇ: "ಇದು ಮಳೆ ಲೆಕ್ಕ ಹಾಕಿದೆಯೇನಪ್ಪಾ?"

ಹಾಕಿರಲಿಲ್ಲ. ನಾನು ಕಲಿಸಿದ್ದು ಬಿಸಿಯೊಂದನ್ನೇ. ಹವೆ ಬದಲಾಗುವುದು ಅಂದರೆ ಸೆಕೆ ಹೆಚ್ಚುವುದಷ್ಟೇ ಅಲ್ಲ, ಮಳೆ ಒಂದೇ ಸಲಕ್ಕೆ ಜೋರಾಗಿ ಬೀಳುವುದೂ ಹೌದು ಅಲ್ವಾ? ನಮ್ಮ ಕಡೆ ಮಾಳಿಗೆಗೆ ವರ್ಷಕ್ಕೊಮ್ಮೆ ಚೌಳು ಮಣ್ಣು ಹೊದಿಸುತ್ತಾರೆ. ಅದರಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದರೆ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚಿಬಿಡುತ್ತವೆ, ನೀರು ಕೆಳಗಿಳಿಯುವುದಿಲ್ಲ. ಆದರೆ ನೀರು ಮೇಲೆ ನಿಲ್ಲಬಾರದು. ದೊಡ್ಡಪ್ಪನ ಮಾಳಿಗೆಗೆ ಮಳೆನೀರು ಹೊರಹೋಗಲು ಇದ್ದದ್ದು ಎರಡೇ ದೋಣಿ, ಒಂದು ಕಟ್ಟಿಹೋಗಿತ್ತು. ಮೂರು ವರ್ಷದಿಂದ ಚೌಳೂ ಹಾಕಿರಲಿಲ್ಲ, ಆಳು ಸಿಗುವುದಿಲ್ಲ.

ಹಾಗಾಗಿ ಒಳಕೋಣೆಗಳಿಗೆ ಫಿಲ್ಲರ್ ಸ್ಲ್ಯಾಬ್ ಹಾಕಿಸಿದೆವು. ಸ್ಲ್ಯಾಬಿನ ಕೆಳಭಾಗದಲ್ಲಿ ಕಾಂಕ್ರೀಟು ಸುಮ್ನೆ ಭಾರ ಅಷ್ಟೆ, ಎಳೆತ ತಡೆಯುವುದು ಕಂಬಿ. ಆ ಜಾಗಕ್ಕೆ ಹಳೆಯ ಮಂಗಳೂರು ಹೆಂಚು ಕೂರಿಸಿದೆವು. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಇದನ್ನು ಜನಪ್ರಿಯಗೊಳಿಸಿದವರು. ಮೇಲೆ ದಪ್ಪಗೆ ಸುಣ್ಣ ಬಳಿಸಿದೆವು. ನಡುಮನೆಯ ಜಂತೆ ಗಟ್ಟಿಯಿತ್ತು, ಅದನ್ನು ಮುಟ್ಟಲಿಲ್ಲ. ಹೊಸ ಚೌಳು, ಸ್ವಲ್ಪ ಜಾಸ್ತಿ ಇಳಿಜಾರು, ನಾಲ್ಕು ದೋಣಿ.

ಮಣ್ಣಿನಷ್ಟು ತಂಪು ಫಿಲ್ಲರ್ ಸ್ಲ್ಯಾಬಿಗಿಲ್ಲ. ಮಾದರಿಯೂ ಅದನ್ನೇ ಹೇಳಿತ್ತು. ಬೇಸಿಗೆಯಲ್ಲಿ ದೊಡ್ಡಪ್ಪ ಮಲಗುವುದು ನಡುಮನೆಯಲ್ಲೇ. ಮಳೆಗಾಲದಲ್ಲಿ ರಾಗಿ ಮೂಟೆಗಳು ಒಳಕೋಣೆಗೆ ಹೋಗುತ್ತವೆ.