ಇರುವೆ ಸಾಲಿಗೆ ಸ್ಟಾಪ್‌ವಾಚ್ ಹಿಡಿಯಿರಿ

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎನ್ನುತ್ತ ಹೋಗುತ್ತದಂತೆ. ಉಡುಪಿಯಲ್ಲಿ ಅದು ಬಂದದ್ದೇ ಅಷ್ಟಕ್ಕಷ್ಟೆ, ಹೋಗುವ ಮಾತು ಬಿಡಿ. ಆದರೂ ಮಾಘ ಮುಗಿಯುವ ಹೊತ್ತಿಗೆ ಅಡುಗೆಕಟ್ಟೆಯ ಇರುವೆಗಳಿಗೆ ಎಲ್ಲಿಲ್ಲದ ಅವಸರ. ಬೆಲ್ಲದ ಡಬ್ಬಿ ಮುಚ್ಚಲು ಎರಡು ನಿಮಿಷ ತಡವಾದರೆ ಮುಗಿಯಿತು. ಸೆಕೆಗೆ ನಾವು ಫ್ಯಾನಿನಡಿ ಕುಸಿದಿರುವಾಗ ಇವಕ್ಕೆ ಈ ಹುರುಪು ಎಲ್ಲಿಂದ ಬಂತು? ಮನೆಯ ಗೋಡೆಯಲ್ಲೇ ಅಳೆದು ನೋಡಬಹುದು.

ಮಕ್ಕಳಾಟ ಎನ್ನಬೇಡಿ. ಆಕಾಶಗಂಗೆಯ ನಡುವಿನಲ್ಲಿ ನಮ್ಮ ಸೂರ್ಯ ಇಲ್ಲ ಎಂದು ತೋರಿಸಿದ ಖಗೋಳ ವಿಜ್ಞಾನಿ ಹಾರ್ಲೋ ಶೇಪ್ಲಿ, ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್‌ನಲ್ಲಿದ್ದಾಗ ಇರುವೆಗಳ ಓಟವನ್ನೂ ಅಳೆದರು. ಇರುವೆಯ ವೇಗ ನೋಡಿ ತಾಪಮಾನವನ್ನು ಸುಮಾರು ಒಂದು ಡಿಗ್ರಿ ಆಚೀಚೆ ಹೇಳಬಹುದು ಎಂಬ ಅವರ ಲೇಖನ 1920ರಲ್ಲಿ ಪ್ರಕಟವಾಯಿತು.

ಮೊದಲು ಸಾಲು ಹುಡುಕಿ

ಮಕ್ಕಳ 30 ಸೆಂ.ಮೀ. ಸ್ಕೇಲು, ಪೆನ್ಸಿಲ್, ಮೊಬೈಲು, ಗೋಡೆಗೆ ತೂಗುಹಾಕುವ ಥರ್ಮಾಮೀಟರ್ ಸಾಕು. ಜ್ವರ ನೋಡುವುದು ಆಗದು, ಅದರ ಅಂಕೆ ಶುರುವಾಗುವುದೇ 35ರ ಆಸುಪಾಸಿನಲ್ಲಿ.

ದಿನವಿಡೀ ನೆರಳಿರುವ ಗೋಡೆ ಆರಿಸಿಕೊಳ್ಳಿ. ಸಾಲಿನ ಪಕ್ಕ 30 ಸೆಂ.ಮೀ. ಅಂತರದಲ್ಲಿ ಪೆನ್ಸಿಲಿನಿಂದ ಎರಡು ಗುರುತು ಹಾಕಿ. ಸಾಲಿಗೆ ಅಡ್ಡವಾಗಿ ಗೀಟು ಎಳೆಯಬೇಡಿ. ನಾನು ಮೊದಲ ಸಲ ಚಾಕ್‌ಪೀಸಿನಿಂದ ಎಳೆದೆ. ಬಂದ ಇರುವೆಗಳೆಲ್ಲ ಗೀಟಿನ ಮುಂದೆ ನಿಂತು, ಮೀಸೆ ಆಡಿಸಿ, ಹಿಂದೆ ತಿರುಗಿ, ಹಿಂದಿನವಕ್ಕೆ ಡಿಕ್ಕಿ ಹೊಡೆದು, ಒಟ್ಟಾರೆ ಸಂತೆಯೇ ಆಯಿತು. ಅವು ನಡೆಯುವುದು ತಮ್ಮವರು ಬಿಟ್ಟುಹೋದ ವಾಸನೆಯ ದಾರಿಯಲ್ಲಿ, ಚಾಕಿನ ಪುಡಿ ಅದನ್ನು ಮುಚ್ಚಿಬಿಡುತ್ತದೆ.

ಹೊತ್ತು ನೋಡಿ ಅಳೆಯಿರಿ

ಬೆಳಿಗ್ಗೆ ಆರೂವರೆಗೆ ಒಮ್ಮೆ, ಹತ್ತೂವರೆಗೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಒಮ್ಮೆ. ಪ್ರತಿ ಸಲ ಥರ್ಮಾಮೀಟರಿನ ಅಂಕೆಯನ್ನೂ, ಹತ್ತು ಇರುವೆಗಳು ಒಂದು ಗುರುತಿನಿಂದ ಇನ್ನೊಂದಕ್ಕೆ ಹೋಗಲು ಹಿಡಿದ ಸಮಯವನ್ನೂ ಬರೆದು ಸರಾಸರಿ ತೆಗೆಯಿರಿ. ಹೊರೆ ಹೊತ್ತದ್ದನ್ನು, ದಾರಿಯಲ್ಲಿ ಮಾತಿಗೆ ನಿಂತದ್ದನ್ನು ಬಿಡಿ. ಕರಾವಳಿಯಲ್ಲಿ ಇದಕ್ಕೆ ತಿಂಗಳುಗಟ್ಟಲೆ ಕಾಯಬೇಕಿಲ್ಲ. ಈ ದಿನಗಳಲ್ಲಿ ನಸುಕಿಗೂ ಮಧ್ಯಾಹ್ನಕ್ಕೂ ಸುಮಾರು ಹತ್ತು ಡಿಗ್ರಿ ಅಂತರ ಇರುತ್ತದೆ. ಬೆಳಗಿನ ಸೆಕೆಂಡು ಮಧ್ಯಾಹ್ನ ಅರ್ಧಕ್ಕಿಳಿದರೂ ಆಶ್ಚರ್ಯ ಬೇಡ.

ಕಾರಣ ಇಷ್ಟೆ: ನಮ್ಮ ಮೈ ತನ್ನ ಬಿಸಿಯನ್ನು ತಾನೇ ಕಾಯ್ದುಕೊಳ್ಳುತ್ತದೆ, ಇರುವೆಗೆ ಆ ಸೌಕರ್ಯ ಇಲ್ಲ. ಗೋಡೆ ಎಷ್ಟು ಬಿಸಿಯೋ ಮೈಯೂ ಹೆಚ್ಚುಕಡಿಮೆ ಅಷ್ಟೇ. ಕಾಲಿನ ಸ್ನಾಯು ಎಳೆಯುವುದು, ತಿಂದದ್ದು ಅರಗುವುದು ಎಲ್ಲವೂ ರಾಸಾಯನಿಕ ಕ್ರಿಯೆಗಳು. ಜೀವಿಗಳಲ್ಲಿ ಹತ್ತು ಡಿಗ್ರಿ ಏರಿದರೆ ಅವುಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಹಾಗೆಂದು ಮಿತಿಯಿಲ್ಲದ್ದಲ್ಲ. ಬಿಸಿಲು ನೇರ ಬೀಳುವ ಕಂಪೌಂಡ್ ಗೋಡೆಯನ್ನು ಮಧ್ಯಾಹ್ನ ನೋಡಿ, ಸಾಲೇ ಮಾಯ.

ಮೊಟ್ಟೆ, ಮರಿಗಳಿಗೂ ಇದೇ ಲೆಕ್ಕ. ಸೆಕೆಗಾಲದಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆವರೆಗೆ ಬರಲು ಸುಮಾರು ಎಂಟು–ಹತ್ತು ದಿನ ಸಾಕು. ನಲ್ಲಿ ನೀರು ದಿನ ಬಿಟ್ಟು ದಿನ ಬರುವಾಗ ತುಂಬಿಟ್ಟ ಡ್ರಮ್ಮನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ಒಳಮೈಯನ್ನು ತಿಕ್ಕಿ ತೊಳೆಯಿರಿ. ಅಂಟಿಕೊಂಡ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತದೆ.

ಜೇನುನೊಣದ ದಾರಿ ಬೇರೆ. ತುಡುವೆ ಜೇನು ಗೂಡಿನೊಳಗೆ ಮರಿಗಳಿರುವ ಎರಿಯನ್ನು 35 ಡಿಗ್ರಿಯ ಆಸುಪಾಸಿನಲ್ಲೇ ಇಟ್ಟುಕೊಳ್ಳುತ್ತದೆ. ಚಳಿಯಾದರೆ ರೆಕ್ಕೆಯ ಸ್ನಾಯು ನಡುಗಿಸಿ ಬಿಸಿ ಮಾಡುತ್ತದೆ, ಸೆಕೆಯಾದರೆ ನೀರು ತಂದು ಹರಡಿ ರೆಕ್ಕೆಯಿಂದ ಗಾಳಿ ಹಾಕುತ್ತದೆ. ಮಾರ್ಚಿನಲ್ಲಿ ನಿಮ್ಮ ಬಾವಿಕಟ್ಟೆಯ ಪಸೆಗೆ ಜೇನು ಬಂದು ಕೂರುವುದು ಇದಕ್ಕೇ. ಓಡಿಸಬೇಡಿ, ಮಾರಾಯ್ರೆ.

ಇಷ್ಟಾದರೂ ಎಲ್ಲವನ್ನೂ ಬಿಸಿಯ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ನಮ್ಮೂರಲ್ಲಿ ಹುಳುಗಳ ಓಟ ಹೆಚ್ಚಿಸುವುದು ಸೆಕೆ ಇರಬಹುದು, ಅವುಗಳ ಸಂಖ್ಯೆ ಹೆಚ್ಚಿಸುವುದರಲ್ಲಿ ಮಾವು–ಗೇರು ಹೂವಿಗೂ ನೀರಿಗೂ ದೊಡ್ಡ ಪಾಲಿದೆ. ಅನುಮಾನವಿದ್ದರೆ ಅಳೆದು ಬರೆದ ಪುಸ್ತಕವನ್ನು ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆಯ ದಿನ) ಕಳೆಯುವವರೆಗೆ ಇಟ್ಟುಕೊಳ್ಳಿ. ಮೊದಲ ಜೋರು ಮಳೆ ಬಿದ್ದ ಸಂಜೆ ಥರ್ಮಾಮೀಟರ್ ನೋಡಿ ಬರೆಯಿರಿ, ಅಂಕೆ ಇಳಿದಿರುತ್ತದೆ. ಆಮೇಲೆ ಜಗಲಿಯ ದೀಪ ಹಾಕಿ, ರೆಕ್ಕೆ ಬಂದ ಗೆದ್ದಲನ್ನು ಎಣಿಸಲು ಕೂತುಕೊಳ್ಳಿ.